ಚಾರ್ಲ್ಸ್ ರೆವ್ಸನ್

ಚಾರ್ಲ್ಸ್ ಹ್ಯಾಸ್ಕೆಲ್ ರೆವ್ಸನ್ (ಅಕ್ಟೋಬರ್ 11, 1906 – ಆಗಸ್ಟ್ 24, 1975) ಅಮೆರಿಕದ ಉದ್ಯಮಿ ಹಾಗೂ ರೆವ್ಲಾನ್ ಸೌಂದರ್ಯವರ್ಧಕ ಸಂಸ್ಥೆಯ ಸ್ಥಾಪಕರಲ್ಲಿ ಪ್ರಮುಖರು. ಸೋದರ ಜೋಸೆಫ್ ಮತ್ತು ರಾಸಾಯನಿಕ ವಸ್ತುಗಳ ವ್ಯವಹಾರದಲ್ಲಿದ್ದ ಚಾರ್ಲ್ಸ್ ಲ್ಯಾಕ್‌ಮನ್ ಅವರೊಡಗೂಡಿ 1932ರಲ್ಲಿ ಉಗುರುಬಣ್ಣವೊಂದನ್ನೇ ಮಾರುವ ಸಣ್ಣ ವ್ಯಾಪಾರವನ್ನು ಆರಂಭಿಸಿದ ಅವರು, ನಾಲ್ಕು ದಶಕಗಳಲ್ಲಿ ಅದನ್ನು ಜಗತ್ತಿನ ದೊಡ್ಡ ಸೌಂದರ್ಯವರ್ಧಕ ಸಂಸ್ಥೆಗಳಲ್ಲಿ ಒಂದಾಗಿ ಬೆಳೆಸಿದರು. ಒಂದೆರಡು ಕೆಂಪು ಛಾಯೆಗಳಿಗೆ ಸೀಮಿತವಾಗಿದ್ದ ಉಗುರುಬಣ್ಣವನ್ನು ಋತುವಿನಿಂದ ಋತುವಿಗೆ ಬದಲಾಗುವ, ಹೆಸರಿಟ್ಟು ಗುರುತಿಸುವ, ಹಚ್ಚಿ ನೋಡಿ ಆರಿಸಿಕೊಳ್ಳುವ ವಸ್ತುವನ್ನಾಗಿ ಮಾಡಿದ್ದು ಅವರ ಮುಖ್ಯ ಸಾಧನೆ. ಹೊಸ ಬಣ್ಣಗಳನ್ನು ತಮ್ಮ ಉಗುರುಗಳಿಗೇ ಹಚ್ಚಿಕೊಂಡು ಪರೀಕ್ಷಿಸುತ್ತಿದ್ದ ಉದ್ಯಮಿಯೆಂದೂ ಅವರು ಪ್ರಸಿದ್ಧರು.

ಬಾಲ್ಯ ಮತ್ತು ಆರಂಭಿಕ ಜೀವನ

ರೆವ್ಸನ್ ಅವರ ತಂದೆ ಸ್ಯಾಮ್ಯುಯೆಲ್ ರಷ್ಯಾ ಸಾಮ್ರಾಜ್ಯದಿಂದ ಅಮೆರಿಕಕ್ಕೆ ವಲಸೆ ಬಂದ ಯಹೂದಿ. ಸಿಗಾರ್ ಕಾರ್ಖಾನೆಯಲ್ಲಿ ಸಿಗಾರ್ ಸುತ್ತುವ ಕೆಲಸ ಮಾಡುತ್ತಿದ್ದರು. ತಾಯಿ ಜೀನೆಟ್. ಜೋಸೆಫ್, ಚಾರ್ಲ್ಸ್ ಮತ್ತು ಮಾರ್ಟಿನ್ ಎಂಬ ಮೂವರು ಗಂಡುಮಕ್ಕಳು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಗಿರಣಿ ಪಟ್ಟಣದಲ್ಲಿ, ಬಡತನಕ್ಕೆ ಸಮೀಪವಾದ ಸ್ಥಿತಿಯಲ್ಲಿ ಬೆಳೆದರು. 1923ರಲ್ಲಿ ಪ್ರೌಢಶಾಲೆಯ ಶಿಕ್ಷಣ ಮುಗಿಸಿದ ಚಾರ್ಲ್ಸ್ ಕಾಲೇಜಿಗೆ ಹೋಗಲಿಲ್ಲ. ಉದ್ಯೋಗ ಅರಸಿ ನ್ಯೂಯಾರ್ಕ್ ನಗರಕ್ಕೆ ತೆರಳಿ, ಮಹಿಳೆಯರ ಉಡುಪು ತಯಾರಿಸುವ ಸಂಸ್ಥೆಯೊಂದರಲ್ಲಿ ಮಾರಾಟಗಾರರಾದರು.

ಅಲ್ಲಿ ಮುಂದೆ ಬಟ್ಟೆಗಳನ್ನು ಆರಿಸಿ ಕೊಳ್ಳುವ ಹೊಣೆ ಅವರಿಗೆ ದೊರೆಯಿತು. ದಿನವಿಡೀ ಬಟ್ಟೆಯ ಥಾನುಗಳ ನಡುವೆ ಕಳೆದ ಈ ಅವಧಿ ಅವರ ಕಣ್ಣನ್ನು ಪಳಗಿಸಿತು. ಸಾಮಾನ್ಯರಿಗೆ ಒಂದೇ ಎಂದು ತೋರುವ ಕಪ್ಪು ಬಟ್ಟೆಗಳಲ್ಲಿಯೂ ಛಾಯಾಭೇದವನ್ನು ಗುರುತಿಸುವ ಶಕ್ತಿ ಅವರಿಗಿತ್ತು. ಬಣ್ಣದ ಬಗೆಗಿನ ಈ ಸೂಕ್ಷ್ಮತೆಯೇ ಮುಂದೆ ಅವರ ಬಂಡವಾಳವಾಯಿತು.

ಉಗುರುಬಣ್ಣದ ಆಗಿನ ಸ್ಥಿತಿ

ಆಧುನಿಕ ಉಗುರುಬಣ್ಣದ ಮೂಲದ್ರವ್ಯ ನೈಟ್ರೋಸೆಲ್ಯುಲೋಸ್. ಮೊದಲ ಮಹಾಯುದ್ಧದ ನಂತರ ಮೋಟಾರು ಕಾರುಗಳಿಗೆ ಬೇಗನೆ ಒಣಗುವ ಹೊಳಪಿನ ಲೇಪ ಸಿಕ್ಕಿದ್ದು ಇದೇ ವಸ್ತುವಿನಿಂದ. ಇದನ್ನು ಬೇಗ ಆವಿಯಾಗುವ ದ್ರಾವಕದಲ್ಲಿ ಕರಗಿಸಿ ಉಗುರಿನ ಮೇಲೆ ಹಚ್ಚಿದಾಗ, ದ್ರಾವಕವು ಗಾಳಿಯಲ್ಲಿ ಆರಿಹೋಗಿ ತೆಳುವಾದ, ಗಟ್ಟಿಯಾದ ಪೊರೆ ಉಳಿಯುತ್ತದೆ.

1930ರ ಆಸುಪಾಸಿನಲ್ಲಿ ಮಾರಾಟದಲ್ಲಿದ್ದ ಉಗುರುಬಣ್ಣಗಳು ಬಹುತೇಕ ಪಾರದರ್ಶಕವಾಗಿದ್ದವು. ಅವುಗಳಲ್ಲಿ ದ್ರವದೊಳಗೆ ಪೂರ್ತಿಯಾಗಿ ಕರಗುವ ರಂಗುಗಳನ್ನು ಬಳಸುತ್ತಿದ್ದುದೇ ಇದಕ್ಕೆ ಕಾರಣ. ಹಚ್ಚಿದ ಮೇಲೂ ಉಗುರಿನ ಕಲೆ, ಗೆರೆಗಳು ಕಾಣುತ್ತಿದ್ದವು. ತಿಳಿ, ನಡು, ಗಾಢ ಎಂಬ ಕೆಲವೇ ಕೆಂಪುಗಳಲ್ಲಿ ಆಯ್ಕೆ ಮುಗಿದುಹೋಗುತ್ತಿತ್ತು. ಕರಗದೆ ದ್ರವದಲ್ಲಿ ತೇಲುವ ನುಣುಪಾದ ವರ್ಣದ್ರವ್ಯದ ಕಣಗಳನ್ನು ಬಳಸಿದರೆ ಬಣ್ಣವು ಉಗುರನ್ನು ಸಂಪೂರ್ಣವಾಗಿ ಮುಚ್ಚುತ್ತದೆ. ಕಣಗಳ ಮಿಶ್ರಣವನ್ನು ಬದಲಿಸಿ ಅನೇಕ ಛಾಯೆಗಳನ್ನೂ ಪಡೆಯಬಹುದು. ಇಂತಹ ಅಪಾರದರ್ಶಕ ಬಣ್ಣವನ್ನು ನ್ಯೂ ಜೆರ್ಸಿಯ ನೆವಾರ್ಕ್‌ನ ಎಲ್ಕಾ ಎಂಬ ಸಣ್ಣ ಸಂಸ್ಥೆ ತಯಾರಿಸುತ್ತಿತ್ತು. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಹುಡುಕುತ್ತಿದ್ದ ರೆವ್ಸನ್ ಈ ಸಂಸ್ಥೆಯ ಮಾರಾಟಗಾರರಾಗಿ ಸೇರಿದರು; ಸೋದರ ಜೋಸೆಫ್ ಅವರೂ ಜೊತೆಗೂಡಿದರು.

ರೆವ್ಲಾನ್ ಸ್ಥಾಪನೆ

ಎಲ್ಕಾ ಬಣ್ಣವನ್ನು ದೇಶದಾದ್ಯಂತ ಮಾರುವ ಹಕ್ಕನ್ನು ತಮಗೆ ನೀಡಬೇಕೆಂದು ರೆವ್ಸನ್ ಕೇಳಿಕೊಂಡರು. ಆ ಕೋರಿಕೆಯನ್ನು ಸಂಸ್ಥೆ ನಿರಾಕರಿಸಿದ್ದರಿಂದ ಅವರು ಸ್ವಂತ ವ್ಯಾಪಾರಕ್ಕೆ ಮುಂದಾದರು. 1932ರ ಮಾರ್ಚ್ 1ರಂದು 300 ಡಾಲರ್ ಬಂಡವಾಳದೊಂದಿಗೆ ಹೊಸ ಸಂಸ್ಥೆ ಆರಂಭವಾಯಿತು. ಬಣ್ಣವನ್ನು ತಯಾರಿಸಿ ಒದಗಿಸುವ ವ್ಯವಸ್ಥೆ ಲ್ಯಾಕ್‌ಮನ್ ಅವರಿಂದ ಆಯಿತು. ರೆವ್ಸನ್ ಎಂಬ ಹೆಸರಿನ ನಡುವಿನ ಎಸ್ ಅಕ್ಷರದ ಜಾಗದಲ್ಲಿ ಲ್ಯಾಕ್‌ಮನ್ ಹೆಸರಿನ ಮೊದಲಕ್ಷರವಾದ ಎಲ್ ಅನ್ನು ಇರಿಸಿ ರೆವ್ಲಾನ್ ಎಂಬ ಹೆಸರನ್ನು ರೂಪಿಸಲಾಯಿತು. ಮೊದಲ ವರ್ಷದ ಒಟ್ಟು ಮಾರಾಟ ಸುಮಾರು 4,000 ಡಾಲರ್ ಮಾತ್ರ.

ಲಕ್ಷಾಂತರ ಜನ ಕೆಲಸ ಕಳೆದುಕೊಂಡಿದ್ದ ಆ ಕಾಲದಲ್ಲಿ ಉಗುರುಬಣ್ಣದಂತಹ ಅನಾವಶ್ಯಕ ವಸ್ತು ಮಾರಾಟವಾಗುವುದು ಅಸಂಭವವೆಂದು ತೋರುವುದು ಸಹಜ. ಆದರೆ ಹೊಸ ಉಡುಪನ್ನು ಕೊಳ್ಳಲಾಗದ ಮಹಿಳೆಯೂ ಒಂದು ಸಣ್ಣ ಸೀಸೆ ಬಣ್ಣವನ್ನು ಕೊಳ್ಳಬಲ್ಲಳಾಗಿದ್ದಳು. ಕೂದಲನ್ನು ಗುಂಗುರಾಗಿಸುವ ಯಂತ್ರಗಳು ಬಳಕೆಗೆ ಬಂದು ಮಹಿಳೆಯರು ಕೇಶಾಲಂಕಾರದ ಅಂಗಡಿಗಳಲ್ಲಿ ಬಹಳ ಹೊತ್ತು ಕುಳಿತಿರಬೇಕಾಗಿದ್ದರಿಂದ, ಆ ವೇಳೆಯಲ್ಲಿ ಉಗುರುಗಳಿಗೆ ಬಣ್ಣ ಹಚ್ಚಿಸಿಕೊಳ್ಳುವ ರೂಢಿಯೂ ಬೆಳೆಯಿತು. ರೆವ್ಸನ್ ತಮ್ಮ ಮಾದರಿಗಳ ಪೆಟ್ಟಿಗೆಯೊಂದಿಗೆ ಮೊದಲು ಹೋದದ್ದು ಇಂತಹ ಅಂಗಡಿಗಳಿಗೇ. 1935ರಲ್ಲಿ ಸಂಸ್ಥೆಯ ಮೊದಲ ಜಾಹೀರಾತು ದ ನ್ಯೂಯಾರ್ಕರ್ ಪತ್ರಿಕೆಯಲ್ಲಿ ಪ್ರಕಟವಾಯಿತು. 1937ರಿಂದ ದೊಡ್ಡ ಮಳಿಗೆಗಳಲ್ಲಿಯೂ ಆಯ್ದ ಔಷಧಿ ಅಂಗಡಿಗಳಲ್ಲಿಯೂ ಮಾರಾಟ ಆರಂಭವಾಯಿತು. ಬೆಲೆಯನ್ನು ಅಗ್ಗದ ಬಣ್ಣಗಳಿಗಿಂತ ಉದ್ದೇಶಪೂರ್ವಕವಾಗಿಯೇ ಹೆಚ್ಚಾಗಿ ಇರಿಸಲಾಗಿತ್ತು.

ಬಣ್ಣದ ಪರೀಕ್ಷೆ ಮತ್ತು ನಾಮಕರಣ

ಬಣ್ಣವು ಸೀಸೆಯಲ್ಲಿ ಕಾಣುವಂತೆ ಬೆರಳಿನ ಮೇಲೆ ಕಾಣುವುದಿಲ್ಲ. ಒಂದು ಲೇಪಕ್ಕೂ ಎರಡು ಲೇಪಕ್ಕೂ ಛಾಯೆ ಬದಲಾಗುತ್ತದೆ. ಹಸಿಯಾಗಿದ್ದಾಗಿನ ಬಣ್ಣವೇ ಒಣಗಿದ ಮೇಲೆ ಉಳಿಯುವುದೆಂಬ ಭರವಸೆಯಿಲ್ಲ. ಚರ್ಮದ ಬಣ್ಣ, ಹಗಲಿನ ಬೆಳಕು, ದೀಪದ ಬೆಳಕು ಎಲ್ಲವೂ ಪರಿಣಾಮ ಬೀರುತ್ತವೆ. ಆದ್ದರಿಂದ ರೆವ್ಸನ್ ಹೊಸ ಬಣ್ಣಗಳನ್ನು ತಮ್ಮ ಉಗುರುಗಳ ಮೇಲೆ ಹಚ್ಚಿಕೊಂಡು ಪರೀಕ್ಷಿಸುತ್ತಿದ್ದರು. ಹರಡುವ ನುಣುಪು, ಒಣಗುವ ಅವಧಿ, ಹೊಳಪು, ಚಕ್ಕೆಯೇಳದೆ ಉಳಿಯುವ ಕಾಲ ಎಲ್ಲವನ್ನೂ ಗಮನಿಸುತ್ತಿದ್ದರು. ಗಂಡಸರು ಉಗುರಿಗೆ ಬಣ್ಣ ಹಚ್ಚಿಕೊಳ್ಳುವುದು ನಗೆಪಾಟಲಿನ ವಿಷಯವಾಗಿದ್ದ ಕಾಲದಲ್ಲಿಯೂ ಅವರು ಇದಕ್ಕೆ ಸಂಕೋಚಪಡಲಿಲ್ಲ. ಪದವಿ ಏರಿದ ಮೇಲೂ ಛಾಯೆಯ ಕುರಿತ ಕೊನೆಯ ತೀರ್ಮಾನವನ್ನು ಅವರು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಛಾಯೆಗಳಿಗೆ ಕೇವಲ ತಿಳಿಗೆಂಪು, ಕಡುಗೆಂಪು ಎಂದು ಹೆಸರಿಸುವ ಪದ್ಧತಿಯನ್ನು ಅವರ ಸಂಸ್ಥೆ ಕೈಬಿಟ್ಟಿತು. 1945ರ ಫೇಟಲ್ ಆಪಲ್ ಎಂಬ ಹೆಸರು ಆದಿಮಾತೆ ಈವ್ ತಿಂದ ಹಣ್ಣನ್ನು ನೆನಪಿಸಿದರೆ, ಚೆರೀಸ್ ಇನ್ ದ ಸ್ನೋ ಎಂಬುದು ಹಿಮದ ಮೇಲೆ ಬಿದ್ದ ಕೆಂಪು ಹಣ್ಣುಗಳ ಚಿತ್ರವನ್ನು ಕಣ್ಣ ಮುಂದೆ ತರುತ್ತಿತ್ತು. ಉಡುಪಿನ ಲೋಕದಲ್ಲಿರುವಂತೆ ಋತುಮಾನಕ್ಕೆ ತಕ್ಕ ಹೊಸ ಛಾಯೆಯನ್ನು ಬಿಡುಗಡೆ ಮಾಡುವ ಕ್ರಮವೂ ಬಂದಿತು. ಹಳೆಯ ಸೀಸೆ ಮುಗಿಯುವ ಮೊದಲೇ ಹೊಸದನ್ನು ಕೊಳ್ಳುವ ಅಭ್ಯಾಸ ಬೆಳೆದದ್ದು ಇದರಿಂದ. 1940ರ ಸುಮಾರಿಗೆ ಲಿಪ್‌ಸ್ಟಿಕ್ ತಯಾರಿಕೆಯನ್ನೂ ಆರಂಭಿಸಿ, ತುಟಿಗೂ ಬೆರಳ ತುದಿಗೂ ಒಂದೇ ಬಣ್ಣವಿರಬೇಕೆಂಬ ಪ್ರಚಾರವನ್ನು ಕೈಗೊಳ್ಳಲಾಯಿತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ ಸಂಸ್ಥೆಯು ಸೈನ್ಯಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮೊದಲಾದವುಗಳನ್ನು ಒದಗಿಸಿತು.

1952ರಲ್ಲಿ ಬಂದ ಫೈರ್ ಅಂಡ್ ಐಸ್ ಎಂಬ ಕೆಂಪು ಬಣ್ಣದ ಜಾಹೀರಾತು ಈ ಕ್ರಮದ ಅತ್ಯಂತ ಪ್ರಸಿದ್ಧ ಉದಾಹರಣೆ. ಡೋರಿಯನ್ ಲೀ ರೂಪದರ್ಶಿಯಾಗಿದ್ದ ಚಿತ್ರವನ್ನು ರಿಚರ್ಡ್ ಅವೆಡಾನ್ ತೆಗೆದರು. ಬರಹ ಕೇ ಡೇಲಿ ಅವರದು. ಚಿತ್ರದ ಜೊತೆಯಲ್ಲಿ ಓದುಗ ಮಹಿಳೆಯ ಸ್ವಭಾವವನ್ನು ಕೆಣಕುವ ಹದಿನೈದು ಪ್ರಶ್ನೆಗಳಿದ್ದವು. ಬಣ್ಣದ ಗುಣಕ್ಕಿಂತ ಅದನ್ನು ಹಚ್ಚಿಕೊಳ್ಳುವವಳ ಮನಸ್ಸನ್ನು ಕುರಿತು ಮಾತನಾಡಿದ ಈ ಜಾಹೀರಾತು ಇಂದಿಗೂ ಜಾಹೀರಾತು ಕಲೆಯ ಚರಿತ್ರೆಯಲ್ಲಿ ಉಲ್ಲೇಖಗೊಳ್ಳುತ್ತದೆ.

ದೂರದರ್ಶನ ಮತ್ತು ವಿವಾದ

1955ರ ಜೂನ್ 7ರಂದು ಅಮೆರಿಕದ ಸಿಬಿಎಸ್ ದೂರದರ್ಶನ ಜಾಲದಲ್ಲಿ ಆರಂಭವಾದ 64,000 ಡಾಲರ್‌ಗಳ ರಸಪ್ರಶ್ನೆ ಕಾರ್ಯಕ್ರಮಕ್ಕೆ ರೆವ್ಲಾನ್ ಪ್ರಾಯೋಜಕತ್ವ ವಹಿಸಿತ್ತು. ಕಾರ್ಯಕ್ರಮ ಅಪಾರ ಜನಪ್ರಿಯತೆ ಗಳಿಸಿತು. ಸಂಸ್ಥೆಯ ಮಾರಾಟ ಒಂದೇ ವರ್ಷದಲ್ಲಿ ಸುಮಾರು ಒಂದೂವರೆ ಪಟ್ಟಾಯಿತು. ಅದೇ ವರ್ಷ ಸಂಸ್ಥೆಯ ಷೇರುಗಳನ್ನು ಸಾರ್ವಜನಿಕರಿಗೆ ಮಾರಲಾಯಿತು.

ಆ ಕಾಲದ ರಸಪ್ರಶ್ನೆ ಕಾರ್ಯಕ್ರಮಗಳಲ್ಲಿ ಕೆಲವು ಸ್ಪರ್ಧಿಗಳಿಗೆ ಮುಂಚಿತವಾಗಿ ನೆರವು ನೀಡಲಾಗುತ್ತಿತ್ತೆಂಬ ಸಂಗತಿ 1958ರಿಂದ ಬಯಲಾಗತೊಡಗಿತು. 1959ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ವಿಚಾರಣೆ ನಡೆಸಿದಾಗ ಚಾರ್ಲ್ಸ್ ಮತ್ತು ಮಾರ್ಟಿನ್ ಅವರೂ ಸಾಕ್ಷ್ಯ ನೀಡಬೇಕಾಯಿತು. ಯಾವ ಸ್ಪರ್ಧಿ ಉಳಿಯಬೇಕು, ಯಾರು ಹೋಗಬೇಕು ಎಂಬುದರಲ್ಲಿ ಪ್ರಾಯೋಜಕರ ಇಚ್ಛೆ ಕೆಲಸ ಮಾಡುತ್ತಿತ್ತೆಂದು ನಿರ್ಮಾಪಕರ ಕಡೆಯವರು ಹೇಳಿದರು. ಮೋಸದ ಅರಿವು ತಮಗಿರಲಿಲ್ಲವೆಂಬುದು ರೆವ್ಸನ್ ಸೋದರರ ನಿಲುವಾಗಿತ್ತು. 1960ರಲ್ಲಿ ಕಾನೂನಿಗೆ ತಿದ್ದುಪಡಿ ತಂದು ಇಂತಹ ಪೂರ್ವನಿರ್ಧಾರಿತ ಸ್ಪರ್ಧೆಗಳನ್ನು ಅಪರಾಧವೆಂದು ಘೋಷಿಸಲಾಯಿತು.

ವ್ಯಕ್ತಿತ್ವ

ಗುಣಮಟ್ಟದ ವಿಷಯದಲ್ಲಿ ರೆವ್ಸನ್ ರಾಜಿಯಿಲ್ಲದವರು. ಈ ಗುಣದ ಇನ್ನೊಂದು ಮುಖವೆಂದರೆ ಜೊತೆಗಾರರೊಂದಿಗಿನ ಕಠೋರತೆ. ಸಭೆಗಳು ತಡರಾತ್ರಿಯವರೆಗೆ ನಡೆಯುತ್ತಿದ್ದವು. ಹಿರಿಯ ಅಧಿಕಾರಿಗಳು ಬಹುಕಾಲ ನಿಲ್ಲುತ್ತಿರಲಿಲ್ಲ. ಜೊತೆಯಲ್ಲಿ ಆರಂಭಿಸಿದ ಜೋಸೆಫ್ 1955ರಲ್ಲಿ ಸಂಸ್ಥೆಯನ್ನು ಬಿಟ್ಟರು. ಮಾರ್ಟಿನ್ 1958ರಲ್ಲಿ ಹೊರಬಂದರು. ಸೋದರರ ವ್ಯಾಜ್ಯ ನ್ಯಾಯಾಲಯದವರೆಗೂ ಹೋಯಿತು. ಬಣ್ಣದ ಸಣ್ಣ ವ್ಯತ್ಯಾಸವನ್ನೂ ಗುರುತಿಸುತ್ತಿದ್ದ ವ್ಯಕ್ತಿಗೆ ಸುತ್ತಲಿನವರ ಮನಸ್ಸನ್ನು ಗುರುತಿಸುವ ತಾಳ್ಮೆ ಇರಲಿಲ್ಲವೆಂಬುದು ಅವರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಟೀಕೆ.

ಪ್ರತಿಸ್ಪರ್ಧಿ ಎಲಿಜಬೆತ್ ಆರ್ಡೆನ್ ಅವರು ರೆವ್ಸನ್ ಹೆಸರನ್ನು ಉಚ್ಚರಿಸದೆ ಆ ಮನುಷ್ಯ ಎಂದಷ್ಟೇ ಸೂಚಿಸುತ್ತಿದ್ದರೆಂಬ ಸಂಗತಿ ಪ್ರಸಿದ್ಧವಾಗಿದೆ. ರೆವ್ಸನ್ ಅದೇ ಅರ್ಥದ ದಟ್ ಮ್ಯಾನ್ ಎಂಬ ಹೆಸರನ್ನು ಪುರುಷರ ಸುಗಂಧದ್ರವ್ಯವೊಂದಕ್ಕೆ ಇಟ್ಟರು.

ಕೊನೆಯ ವರ್ಷಗಳು

1962ರಿಂದ ರೆವ್ಸನ್ ಸಂಸ್ಥೆಯ ಅಧ್ಯಕ್ಷ ಮಂಡಳಿಯ ಮುಖ್ಯಸ್ಥರಾಗಿದ್ದರು. 1973ರಲ್ಲಿ ಬಿಡುಗಡೆಯಾದ ಚಾರ್ಲಿ ಎಂಬ ಸುಗಂಧದ್ರವ್ಯದ ಜಾಹೀರಾತಿನಲ್ಲಿ ಪ್ಯಾಂಟು ಧರಿಸಿ, ದಾಪುಗಾಲು ಹಾಕಿ ನಡೆಯುವ ಉದ್ಯೋಗಸ್ಥ ಯುವತಿಯನ್ನು ತೋರಿಸಲಾಯಿತು. ಬದಲಾಗುತ್ತಿದ್ದ ಮಹಿಳೆಯರ ಸ್ಥಾನಮಾನವನ್ನು ಗುರುತಿಸಿದ ಈ ಉತ್ಪನ್ನ ಭಾರಿ ಯಶಸ್ಸು ಕಂಡಿತು. 1974ರಲ್ಲಿ ಮಿಷೆಲ್ ಬರ್ಜೆರಾಕ್ ಅವರನ್ನು ತಮ್ಮ ಉತ್ತರಾಧಿಕಾರಿಯಾಗಿ ಕರೆತಂದ ರೆವ್ಸನ್, ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ 1975ರ ಆಗಸ್ಟ್ 24ರಂದು ನ್ಯೂಯಾರ್ಕ್‌ನಲ್ಲಿ ನಿಧನರಾದರು. 1956ರಲ್ಲಿ ಅವರು ಸ್ಥಾಪಿಸಿದ ದತ್ತಿಸಂಸ್ಥೆ ಶಿಕ್ಷಣ, ವೈದ್ಯಕೀಯ ಸಂಶೋಧನೆ ಮೊದಲಾದ ಕ್ಷೇತ್ರಗಳಿಗೆ ನೆರವು ನೀಡುತ್ತ ಬಂದಿದೆ.

1985ರಲ್ಲಿ ರೆವ್ಲಾನ್ ಸಂಸ್ಥೆ ಉದ್ಯಮಿ ರೊನಾಲ್ಡ್ ಪೆರೆಲ್‌ಮನ್ ಅವರ ಒಡೆತನಕ್ಕೆ ಸೇರಿತು. ಸಾಲದ ಹೊರೆಯಿಂದಾಗಿ 2022ರಲ್ಲಿ ದಿವಾಳಿತನದ ರಕ್ಷಣೆಯನ್ನು ಕೋರಿ, ಮರುವರ್ಷ ಪುನರ್ರಚನೆಗೊಂಡು ಹೊರಬಂದಿತು.

ಭಾರತ ಮತ್ತು ಕರ್ನಾಟಕದಲ್ಲಿ ಪ್ರಭಾವ

ಕನ್ನಡ ನಾಡಿನಲ್ಲಿ ಉಗುರಿಗೆ ಬಣ್ಣ ಕಟ್ಟುವುದು ಹೊಸದಲ್ಲ. ಗೋರಂಟಿ ಅಥವಾ ಮದರಂಗಿ ಸೊಪ್ಪನ್ನು ಅರೆದು ಬೆರಳ ತುದಿಗೆ ಮೆತ್ತಿ, ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ತೊಳೆಯುವ ರೂಢಿ ಹಬ್ಬ, ಮದುವೆಗಳಲ್ಲಿ ಬಹುಕಾಲದಿಂದ ಇದೆ. ಆದರೆ ಅಲ್ಲಿ ದೊರೆಯುವುದು ಕೆಂಗಿತ್ತಳೆಯ ಒಂದೇ ಬಣ್ಣ. ಅದು ಉಗುರಿನೊಳಕ್ಕೆ ಇಳಿಯುವುದರಿಂದ ಉಗುರು ಬೆಳೆದು ಕತ್ತರಿಸಿಹೋಗುವವರೆಗೂ ಉಳಿಯುತ್ತದೆ. ಇಂದು ಹಚ್ಚಿ ನಾಳೆ ಅಳಿಸಿ ಮತ್ತೊಂದನ್ನು ನೋಡುವ ಅವಕಾಶ ಸೀಸೆಯ ಬಣ್ಣದಿಂದ ಬಂದಿತು. 1952ರಲ್ಲಿ ಟಾಟಾ ಸಮೂಹವು ಲ್ಯಾಕ್ಮೆ ಸಂಸ್ಥೆಯನ್ನು ಆರಂಭಿಸಿದ ಮೇಲೆ ಸ್ವದೇಶಿ ಉಗುರುಬಣ್ಣ ಮಧ್ಯಮವರ್ಗದ ಮನೆಗಳನ್ನು ತಲುಪಿತು. ಆರ್ಥಿಕ ಉದಾರೀಕರಣದ ನಂತರ, 1995ರಲ್ಲಿ, ಮೋದಿ ಸಮೂಹದ ಸಹಯೋಗದಲ್ಲಿ ರೆವ್ಲಾನ್ ಉತ್ಪನ್ನಗಳು ಭಾರತದ ಮಾರುಕಟ್ಟೆಗೆ ಬಂದವು.

ಬೆಂಗಳೂರಿನ ಹೊರವಲಯದಲ್ಲಿ ಇಂದು ಈ ಎರಡು ಬಗೆಯ ಮಾರುಕಟ್ಟೆಗಳನ್ನೂ ಕಾಣಬಹುದು. ವೈಟ್‌ಫೀಲ್ಡ್‌ನ ಮಾಲ್‌ಗಳಲ್ಲಿ ಛಾಯೆಗಳನ್ನು ಸಾಲಾಗಿ ಜೋಡಿಸಿಟ್ಟ ಮಳಿಗೆಗಳಿವೆ. ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ದೊಡ್ಡ ಸಂಖ್ಯೆಯ ಮಹಿಳೆಯರು ದುಡಿಯುವ ಪೀಣ್ಯದಂತಹ ಕಡೆಗಳಲ್ಲಿ ಫ್ಯಾನ್ಸಿ ಸ್ಟೋರ್ ಮತ್ತು ಬಳೆ ಅಂಗಡಿಗಳು ಕಡಿಮೆ ಬೆಲೆಯ ಸಣ್ಣ ಸೀಸೆಗಳನ್ನು ಮಾರುತ್ತವೆ. ಬೆಲೆಯಲ್ಲಿ ಅಂತರವಿದ್ದರೂ, ಒಂದು ಬೆರಳಿಗೆ ಹಚ್ಚಿ ನೋಡಿ ಛಾಯೆಯನ್ನು ಒಪ್ಪುವ ಅಥವಾ ತಿರಸ್ಕರಿಸುವ ಕ್ರಮ ಎರಡೂ ಕಡೆ ಒಂದೇ ಆಗಿದೆ.