ನಾಲ್ಕು ತಂತಿಯ ದೊರೆ

ರಾಜ್ಯವಾಳಿದವರ ಚರಿತ್ರೆಯಲ್ಲಿ ವಾದ್ಯಗಳ ಮಾತು ಬರುವುದು ವಿರಳ. ಹವಾಯಿ ದ್ವೀಪಗಳ ದೊರೆ ಡೇವಿಡ್ ಕಲಾಕೌವನ ಕಥೆಯನ್ನಾದರೋ ಒಂದು ಪುಟ್ಟ ವಾದ್ಯವನ್ನು ಬಿಟ್ಟು ಹೇಳುವಂತಿಲ್ಲ. ನಮ್ಮ ಕಾಲೇಜು ವಿದ್ಯಾರ್ಥಿಗಳೂ ಇಂದು ಬಲ್ಲ ಯುಕುಲೇಲೆಯೇ ಅದು. ಅಲ್ಲಿಯವರ ಬಾಯಲ್ಲಿ ಅದು ಉಕುಲೇಲೆ. ಹಾರುವ ಚಿಗಟವೆಂದು ಸಾಮಾನ್ಯವಾಗಿ ಹೇಳುವ ಅರ್ಥ. ದೊರೆಯ ತಂಗಿ ಲಿಲಿಉಒಕಲಾನಿ ಇಲ್ಲಿಗೆ ಬಂದ ಕಾಣಿಕೆಯೆಂದು ಅರ್ಥ ಮಾಡಿದಳು. ನನಗೆ ಒಪ್ಪಿಗೆಯಾಗುವುದು ತಂಗಿಯ ಅರ್ಥವೇ.

ಕಲಾಕೌವ ಹುಟ್ಟಿದುದು 1836ರಲ್ಲಿ. ಹಿಂದಿನ ದೊರೆ ಉತ್ತರಾಧಿಕಾರಿಯನ್ನು ಹೆಸರಿಸದೆ ತೀರಿಕೊಂಡುದರಿಂದ 1874ರಲ್ಲಿ ಶಾಸನಸಭೆ ಇವನನ್ನು ಆರಿಸಿತು. ಮರುವರ್ಷ ಅಮೆರಿಕದೊಡನೆ ಒಂದು ಒಪ್ಪಂದವಾಯಿತು: ಹವಾಯಿಯ ಸಕ್ಕರೆ ಸುಂಕವಿಲ್ಲದೆ ಅಲ್ಲಿಗೆ ಹೋಗಬಹುದು. ಕಬ್ಬಿನ ತೋಟಗಳು ಬೆಳೆದವು. ತೋಟದ ಬಿಳಿಯ ಒಡೆಯರು ಇನ್ನೂ ಬೆಳೆದರು. ದುಡಿಯುವ ಕೈಗಳು ಸಾಲದಾದಾಗ ಹೊರನಾಡುಗಳಿಂದ ಆಳುಗಳನ್ನು ಕರೆಸಲಾಯಿತು.

ಹಾಗೆ ಬಂದವರಲ್ಲಿ ಪೋರ್ಚುಗಲ್ಲಿಗೆ ಸೇರಿದ ಮದೀರಾ ದ್ವೀಪದವರೂ ಇದ್ದರು. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ನಾನೂರಕ್ಕೂ ಹೆಚ್ಚು ಜನರನ್ನು ಹೊನೊಲುಲುವಿನಲ್ಲಿ ಇಳಿಸಿತು. ಅವರಲ್ಲಿದ್ದ ನೂನೆಸ್, ಡಿಯಾಸ್, ಎಸ್ಪಿರಿತೊ ಸಾಂತೊ ಎಂಬ ಮೂವರು ಬಡಗಿಗಳು, ತಮ್ಮ ನಾಡಿನ ಕಿರುತಂತಿವಾದ್ಯಗಳನ್ನು ನೆನೆದು, ಹವಾಯಿಯ ಕೋವಾ ಮರದಲ್ಲಿ ಹೊಸದೊಂದನ್ನು ಕಡೆದರು.

ದೊರೆ ಅದನ್ನು ತಾನೇ ನುಡಿಸಿದ, ಅರಮನೆಗೆ ಬರಮಾಡಿಕೊಂಡ. ಕಲಿಯಲು ಕಷ್ಟವಾದ ವಾದ್ಯವಲ್ಲ ಅದು. ವೀಣೆಯ ನಾದಕ್ಕೆ ಪಳಗಿದ ನನ್ನ ಕಿವಿಗೆ ಅದರ ಶ್ರುತಿ ಮೊದಲು ವಿಚಿತ್ರವೆನಿಸಿತು. ಮೇಲಿನ ತಂತಿ ಅತ್ಯಂತ ಮಂದ್ರವಾಗಿರಬೇಕಾದಲ್ಲಿ ತಾರಕ್ಕೆ ಏರಿರುತ್ತದೆ. ಮೇಲಿನಿಂದ ಕೆಳಕ್ಕೆ ಬಿಡಿ ತಂತಿಗಳು ನಮ್ಮ ಲೆಕ್ಕದಲ್ಲಿ ಪ, ಸ, ಗ, ದ ಎನ್ನಬಹುದು. ಕೊನೆಯ ತಂತಿಯನ್ನು ಮೂರನೆಯ ಮೆಟ್ಟಿಲಿನಲ್ಲಿ ಒಂದೇ ಬೆರಳಿನಿಂದ ಒತ್ತಿದರೆ ದೈವತ ಮೇಲಿನ ಷಡ್ಜವಾಗಿ, ನಾಲ್ಕೂ ತಂತಿ ಸೇರಿ ಒಂದು ಕಾರ್ಡ್, ಎಂದರೆ ಸ್ವರಮೇಳ, ಸಿದ್ಧವಾಗುತ್ತದೆ. ಆ ಬೆರಳನ್ನು ಎತ್ತಿ ಮೊದಲ ತಂತಿಯ ಎರಡನೆಯ ಮೆಟ್ಟಿಲಿಗೆ ಇಟ್ಟರೆ ಅದೇ ನಗು ವಿಷಾದಕ್ಕೆ ತಿರುಗುತ್ತದೆ. ರಾಗದ ಗಮಕಕ್ಕೆ ಇದರಲ್ಲಿ ಎಡೆ ಕಡಿಮೆ. ಹಾಡುವವನ ಬೆನ್ನಿಗೆ ನಿಲ್ಲುವುದೇ ಇದರ ಕೆಲಸ.

ಆ ಹಾಡೇ ಆಗ ಅಪಾಯದಲ್ಲಿತ್ತು. ಪಾದ್ರಿಗಳ ಪ್ರಭಾವದಿಂದ ಹುಲಾ ನೃತ್ಯವನ್ನು 1830ರಲ್ಲಿಯೇ ನಿಷೇಧಿಸಲಾಗಿತ್ತು. ಆಮೇಲೆ ಪರವಾನೆಯ ಕಟ್ಟು ಬಿದ್ದಿತ್ತು. ಕಲಾಕೌವ 1883ರ ತನ್ನ ಕಿರೀಟಧಾರಣೆಯಲ್ಲಿ ಅದನ್ನು ಬಹಿರಂಗವಾಗಿ ಆಡಿಸಿದ. ಹಾಡುಗಳ ಪಟ್ಟಿಯನ್ನು ಅಚ್ಚು ಹಾಕಿಸಿದವರ ಮೇಲೆ ಅಶ್ಲೀಲತೆಯ ಮೊಕದ್ದಮೆ ನಡೆಯಿತು! 1886ರಲ್ಲಿ, ಐವತ್ತನೆಯ ಹುಟ್ಟುಹಬ್ಬದ ಉತ್ಸವದಲ್ಲಿ, ಹುಲಾದ ಜೊತೆಗೆ ಯುಕುಲೇಲೆಯೂ ನುಡಿಯಿತು. ನಿಂದೆಗೆ ಗುರಿಯಾಗಿದ್ದ ಕುಣಿತಕ್ಕೆ ಅರಸನ ಅಂಗಳ ದೊರೆತುದು ಸಣ್ಣ ಸಂಗತಿಯಲ್ಲ.

ದೊರೆ ನಿರ್ದೋಷಿಯೆಂದು ನಾನು ವಾದಿಸಲಾರೆ. ಅವನು ದುಂದುಗಾರ; ಕುಡಿತ, ಜೂಜುಗಳ ಸಂಗವೂ ಇತ್ತು; ಅಫೀಮಿನ ಪರವಾನೆಯ ಹಗರಣ ಅವನ ಹೆಸರಿಗೆ ಮಸಿ ಬಳಿಯಿತು. ಆದರೂ ಅವನು ಬರಿಯ ವಿಲಾಸಿಯಲ್ಲ. 1881ರಲ್ಲಿ ಭೂಪ್ರದಕ್ಷಿಣೆ ಮಾಡಿದ. ಹಾಗೆ ಮಾಡಿದ ಮೊದಲ ಅರಸ ಅವನೇ. ಆ ದಾರಿಯಲ್ಲಿ ನಮ್ಮ ಕಲ್ಕತ್ತ, ಮುಂಬಯಿಗಳನ್ನೂ ಕಂಡ. ನಾಡಿನ ಪುರಾಣಕಥೆಗಳ ಗ್ರಂಥವೊಂದು 1888ರಲ್ಲಿ ಅವನ ಹೆಸರಿನಲ್ಲಿ ಹೊರಬಂತು.

1887ರ ಜುಲೈಯಲ್ಲಿ ಶಸ್ತ್ರಧಾರಿಗಳ ಬೆಂಬಲವಿದ್ದ ವಿರೋಧಿಗಳು ಹೊಸ ಸಂವಿಧಾನಕ್ಕೆ ಅವನಿಂದ ಬಲಾತ್ಕಾರವಾಗಿ ಸಹಿ ಹಾಕಿಸಿದರು. ಬಯೊನೆಟ್ ಸಂವಿಧಾನವೆಂದೇ ಅದಕ್ಕೆ ಹೆಸರಾಯಿತು. ಅರಸನ ಅಧಿಕಾರ ಬಹುಮಟ್ಟಿಗೆ ಹೋಯಿತು. ಆಸ್ತಿಯ ನಿಬಂಧನೆಯಿಂದ ಅವನ ಪ್ರಜೆಗಳಲ್ಲಿ ಬಹುಮಂದಿಯ ಮತದ ಹಕ್ಕೂ ಹೋಯಿತು. ವಾದ್ಯ ಮಾಡುವವರನ್ನು ಕರೆತಂದ ಸಕ್ಕರೆಯ ಬಲವೇ ಸಿಂಹಾಸನವನ್ನೂ ಅಲುಗಿಸಿತ್ತು.

ಕಲಾಕೌವ 1891ರ ಜನವರಿ 20ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡ. ಸಮುದ್ರದಾಚೆಗೆ ತಂತಿ ಇನ್ನೂ ಬಂದಿರಲಿಲ್ಲ. ಹೊನೊಲುಲುವಿನ ಜನ ಅವನ ಸ್ವಾಗತಕ್ಕೆ ಊರನ್ನು ಸಿಂಗರಿಸುತ್ತಿದ್ದರು. ತಿಂಗಳ ಕೊನೆಗೆ ಹಡಗು ಅರ್ಧಕ್ಕೆ ಇಳಿಸಿದ ಬಾವುಟದೊಡನೆ ಕಾಣಿಸಿಕೊಂಡಾಗಲೇ ಅವರಿಗೆ ತಿಳಿದುದು. ಕಟ್ಟಿದ ತೋರಣಗಳನ್ನು ಬಿಚ್ಚಿ ಕಪ್ಪು ಬಟ್ಟೆ ಸುತ್ತಿದರು.