ಕ್ಯಾನ್ಸರ್‌ನ ಹಾರ್ಮೋನ್ ಮಾತ್ರೆಯಿಂದ ಸುಸ್ತು, ಬೇಸರ: ಮಾತ್ರೆ ಬಿಡಬೇಕೇ? ಡಾ. ಬೀಟ್ಸನ್ ಕಥೆ ಓದಿ

ಸ್ತನ ಕ್ಯಾನ್ಸರ್‌ನ ಆಪರೇಷನ್, ಕಿಮೋ ಎಲ್ಲ ಮುಗಿದ ಮೇಲೂ ಅನೇಕರಿಗೆ ದಿನಕ್ಕೊಂದು ಸಣ್ಣ ಮಾತ್ರೆ ಉಳಿಯುತ್ತದೆ. ಟಮಾಕ್ಸಿಫೆನ್ ಅಥವಾ ಲೆಟ್ರೊಜೋಲ್. ಐದು ವರ್ಷ, ಕೆಲವರಿಗೆ ಹತ್ತು. ಬೀದರ್‌ನಲ್ಲಿರಲಿ, ಭಾಲ್ಕಿ, ಔರಾದ್‌ನಲ್ಲಿರಲಿ, ಈ ಮಾತ್ರೆಯೇ ಮೈಯ ಶಕ್ತಿ ಹೀರುತ್ತದೆ, ಬಿಟ್ಟುಬಿಡು ಎನ್ನುವವರು ಸಿಕ್ಕೇ ಸಿಗುತ್ತಾರೆ. ಸುಸ್ತಾಗುತ್ತದೆ ಎಂಬುದು ಸುಳ್ಳಲ್ಲ. ಬಿಟ್ಟುಬಿಡು ಎಂಬುದು ಮಾತ್ರ ಅಪಾಯದ ಸಲಹೆ. ಯಾಕೆಂದು ತಿಳಿಯಲು ಈ ಚಿಕಿತ್ಸೆಗೆ ದಾರಿ ತೋರಿದ ವೈದ್ಯರ ಬದುಕು ನೋಡಬೇಕು.

ಜಾರ್ಜ್ ಥಾಮಸ್ ಬೀಟ್ಸನ್ ಹುಟ್ಟಿದ್ದು 1848ರಲ್ಲಿ, ಶ್ರೀಲಂಕಾದ ಟ್ರಿಂಕೋಮಲಿಯಲ್ಲಿ. ತಂದೆ ಸೇನಾ ವೈದ್ಯ. ಎಡಿನ್‌ಬರೋದಲ್ಲಿ ಓದಿ, ಪ್ರಸಿದ್ಧ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಕೈಕೆಳಗೆ ಪಳಗಿದರು. 1876ರಲ್ಲಿ ಮನಸ್ಸಿನ ಕಾಯಿಲೆಯಿದ್ದ ಶ್ರೀಮಂತರೊಬ್ಬರನ್ನು ನೋಡಿಕೊಳ್ಳಲು ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ಇರಬೇಕಾಯಿತು. ಕೆಲಸ ಕಡಿಮೆ, ಸಮಯ ಹೆಚ್ಚು. ಪಕ್ಕದ ಹೊಲದಲ್ಲಿ ಕುರಿಮರಿಗಳನ್ನು ಹಾಲು ಬಿಡಿಸುವ ಕಾಲ. ಹಾಲು ಬರುವುದು, ನಿಲ್ಲುವುದು ಹೇಗೆ ಎಂದು ಬೀಟ್ಸನ್ ತಲೆಕೆಡಿಸಿಕೊಂಡರು. ಕರು ಹಾಕಿದ ಆಕಳಿನ ಅಂಡಾಶಯ ತೆಗೆದರೆ ಹಾಲು ಬತ್ತದೆ ಮುಂದುವರಿಯುತ್ತದೆ ಎಂದು ಕೆಲವು ದೇಶಗಳ ರೈತರು ಕಂಡುಕೊಂಡಿದ್ದು ಅವರಿಗೆ ತಿಳಿಯಿತು. ದೇವಣಿ ಆಕಳು ಸಾಕುವ ನಮ್ಮ ಕಡೆಯವರಿಗೆ ಅವರ ಕುತೂಹಲ ಬೇಗ ಅರ್ಥವಾದೀತು. ಎಲ್ಲೋ ಹೊಟ್ಟೆಯೊಳಗಿನ ಅಂಡಾಶಯ ಕೆಚ್ಚಲನ್ನು ಆಳುತ್ತಿದೆ! ಹಾಗಾದರೆ ಸ್ತನದ ಗಡ್ಡೆಯನ್ನೂ ಆಳುತ್ತಿರಬಹುದಲ್ಲವೇ?

ಮುಂದೆ ಗ್ಲಾಸ್ಗೋದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರಾದರು. 1895ರ ಜೂನ್‌ನಲ್ಲಿ, ಕ್ಯಾನ್ಸರ್ ಮರುಕಳಿಸಿ ಬೇರೆ ದಾರಿಯಿಲ್ಲದ 33 ವರ್ಷದ ಮಹಿಳೆಯ ಅಂಡಾಶಯ ತೆಗೆದರು. ಕೆಲವೇ ತಿಂಗಳಲ್ಲಿ ಗಡ್ಡೆ ಕರಗಿತು. ಆಕೆ ಸುಮಾರು ನಾಲ್ಕು ವರ್ಷ ಬದುಕಿದರು. 1896ರಲ್ಲಿ ಬೀಟ್ಸನ್ ಇದನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ಹಾರ್ಮೋನ್ ಎಂಬ ಪದವೇ ಬಳಕೆಗೆ ಬಂದದ್ದು 1905ರಲ್ಲಿ! ಈ ಉಪಾಯ ಎಲ್ಲ ರೋಗಿಗಳಿಗೂ ಫಲಿಸಲಿಲ್ಲ. ಏಕೆಂದರೆ ಎಲ್ಲ ಗಡ್ಡೆಗಳೂ ಹಾರ್ಮೋನ್ ನೆಚ್ಚಿ ಬೆಳೆಯುವುದಿಲ್ಲ. ಬೀಟ್ಸನ್ 1933ರಲ್ಲಿ ತೀರಿಕೊಂಡರು.

ಅವರು ಕತ್ತರಿಯಿಂದ ಮಾಡಿದ್ದನ್ನೇ ಇಂದಿನ ಮಾತ್ರೆ ಬೇರೆ ರೀತಿ ಮಾಡುತ್ತದೆ. ಟಮಾಕ್ಸಿಫೆನ್ ಗಡ್ಡೆಗೆ ಈಸ್ಟ್ರೋಜನ್ ತಾಗದಂತೆ ತಡೆಯುತ್ತದೆ, ಲೆಟ್ರೊಜೋಲ್ ಅದರ ಉತ್ಪತ್ತಿಯನ್ನೇ ತಗ್ಗಿಸುತ್ತದೆ. ಆದರೆ ಆ ಹಾರ್ಮೋನ್ ನಿದ್ದೆ, ಮನಸ್ಸು, ಮೂಳೆಗೂ ಬೇಕಾದದ್ದು. ರಾತ್ರಿ ಮೈ ಬಿಸಿಯೇರಿ ಬೆವರಿ ನಿದ್ದೆ ಕೆಡುತ್ತದೆ, ಹಗಲು ಸುಸ್ತು, ಜೊತೆಗೆ ಕಾರಣವಿಲ್ಲದ ಅಳು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಇಂಜೆಕ್ಷನ್ ಪಡೆಯುವ ಗಂಡಸರಿಗೂ ಹೀಗಾಗುತ್ತದೆ, ಅವರು ಹೇಳಿಕೊಳ್ಳುವುದು ಕಡಿಮೆ. ಇದು ಸೋಮಾರಿತನವಲ್ಲ.

ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್ ಕೂಡ ಕಾರಣವಿರಬಹುದು, ಪರೀಕ್ಷೆ ಮಾಡಿಸಿ. ಮಲಗಿದಷ್ಟೂ ಸುಸ್ತು ಹೆಚ್ಚುತ್ತದೆ. ಬಿಸಿಲೇರುವ ಮೊದಲು ಹತ್ತು ನಿಮಿಷ ನಡೆಯಿರಿ, ನಿಧಾನವಾಗಿ ಹೆಚ್ಚಿಸಿ. ಈ ಸುಸ್ತಿಗೆ ವ್ಯಾಯಾಮದಷ್ಟು ಪುರಾವೆಯಿರುವ ಉಪಾಯ ಕಡಿಮೆ. ತಡೆಯಲಾಗದಿದ್ದರೆ ಮಾತ್ರೆಯನ್ನು ನೀವೇ ನಿಲ್ಲಿಸದೆ ಕ್ಯಾನ್ಸರ್ ವೈದ್ಯರಿಗೆ ಹೇಳಿ, ಬೇರೆ ಮಾತ್ರೆ ಕೊಡಲು ಸಾಧ್ಯವಿರುತ್ತದೆ. ಖಿನ್ನತೆಗೆ ಮೆಡಿಕಲ್ ಅಂಗಡಿಯಿಂದ ನೇರವಾಗಿ ಗುಳಿಗೆ ತರಬೇಡಿ: ಪ್ಯಾರೊಕ್ಸೆಟಿನ್, ಫ್ಲೂಕ್ಸೆಟಿನ್‌ನಂಥವು ಟಮಾಕ್ಸಿಫೆನ್‌ನ ಕೆಲಸಕ್ಕೆ ಅಡ್ಡಬರುತ್ತವೆ. ಎರಡು ವಾರವಾದರೂ ಬೇಸರ ಇಳಿಯದಿದ್ದರೆ, ಬದುಕೇ ಬೇಡವೆನಿಸಿದರೆ ತಕ್ಷಣವೇ, 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ, ಹಗಲು ರಾತ್ರಿ ಕನ್ನಡದಲ್ಲೂ ಮಾತಾಡಬಹುದು.