ಎರಡು ಮನೆಗಳ ಮಗಳು ಚಾಂದಬೀಬಿ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಪ್ರತಿವರ್ಷ ಮಾಘ ಮಾಸದಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆಯುತ್ತದೆ. ಆ ಜಾತ್ರೆಗೆ ಕರ್ನಾಟಕದ ಜನರಂತೆಯೇ ಮಹಾರಾಷ್ಟ್ರದ ಜನರೂ ಬಂದು ಸೇರುತ್ತಾರೆ. ಕನ್ನಡವೂ ಮರಾಠಿಯೂ ಅಲ್ಲಿ ಒಂದೇ ಅಂಗಳದಲ್ಲಿ ಕೇಳಿಬರುತ್ತವೆ. ರಾಯಬಾಗ, ಅಥಣಿ, ಚಿಕ್ಕೋಡಿಗಳ ಸೀಮೆಯಲ್ಲಿ ಗಡಿಯಾಚೆಯಿಂದ ಸೊಸೆಯನ್ನು ತಂದ ಮನೆಗಳೂ ಗಡಿಯಾಚೆಗೆ ಮಗಳನ್ನು ಕೊಟ್ಟ ಮನೆಗಳೂ ಉಂಟು. ಕೊಟ್ಟು ತಂದ ನೆಂಟಸ್ತನಕ್ಕೆ ಗಡಿಯ ಕಲ್ಲು ಅಡ್ಡಿಯಾಗುವುದಿಲ್ಲ.

ನಾಲ್ಕು ನೂರು ವರ್ಷಗಳ ಹಿಂದೆ ಕೃಷ್ಣಾತೀರದ ಈ ನೆಲವೆಲ್ಲ ಬಿಜಾಪುರದ ಆದಿಲಶಾಹಿ ರಾಜ್ಯಕ್ಕೆ ಸೇರಿತ್ತು. ಅದರ ಉತ್ತರಕ್ಕೆ ಅಹಮದ್‌ನಗರದ ನಿಜಾಮಶಾಹಿ ರಾಜ್ಯವಿತ್ತು. ಆ ಎರಡು ಅರಮನೆಗಳ ನಡುವೆಯೂ ಹೆಣ್ಣು ಕೊಡುವುದು, ತರುವುದು ನಡೆದೇ ಇತ್ತು. ಆದರೆ ಒಕ್ಕಲಮನೆಯ ಮದುವೆಗೂ ಅರಮನೆಯ ಮದುವೆಗೂ ಒಂದು ವ್ಯತ್ಯಾಸವಿತ್ತು. ಅರಮನೆಯ ಮದುವೆ ಎರಡು ರಾಜ್ಯಗಳ ಒಪ್ಪಂದ. ಅಲ್ಲಿ ವಧುವಿನೊಡನೆ ಕೋಟೆಗಳು ಕೈ ಬದಲಾಯಿಸುತ್ತಿದ್ದವು. ಒಪ್ಪಂದ ಮುರಿದಾಗ ಅದರ ನೋವನ್ನು ಆ ಹೆಣ್ಣು ಉಣ್ಣಬೇಕಾಗುತ್ತಿತ್ತು.

ಇದು ನಮ್ಮ ನಾಡಿನಲ್ಲಿ ಮಾತ್ರ ಕಂಡುಬಂದ ಸಂಗತಿಯಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಅಧಿಪತಿಯಾದ ವಿಲಿಯಂ ಇಂಗ್ಲೆಂಡನ್ನು ಗೆದ್ದನು. ಅವನೊಡನೆ ಬಂದ ಸರದಾರರು ಅಲ್ಲಿಯೇ ನೆಲೆನಿಂತು, ಫ್ರೆಂಚ್ ಭಾಷೆಯನ್ನಾಡುತ್ತಲೇ ಇಂಗ್ಲೆಂಡಿನ ಶ್ರೀಮಂತವರ್ಗವಾದರು. ಮದುವೆಗಳ ಮೂಲಕ ಅವರ ಬಂಧುತ್ವ ಕಡಲಿನ ಎರಡು ದಡಗಳಲ್ಲಿಯೂ ಹಬ್ಬಿತು. ವಿಲಿಯಂನ ಮರಿಮಗನಾದ ಹೆನ್ರಿಯು 1152ರಲ್ಲಿ ಎಲಿನಾರಳನ್ನು ವರಿಸಿದಾಗ ಫ್ರಾನ್ಸಿನ ಅಕ್ವಿಟೇನ್ ಎಂಬ ವಿಶಾಲ ಸೀಮೆ ಅವನ ಕೈಸೇರಿತು. ಎರಡು ವರ್ಷಗಳ ಬಳಿಕ ಅವನು ಇಂಗ್ಲೆಂಡಿನ ಅರಸನೂ ಆದನು. ಆದರೆ 1173ರಲ್ಲಿ ಮಕ್ಕಳೇ ತಂದೆಯ ಮೇಲೆ ತಿರುಗಿಬಿದ್ದರು. ಮಕ್ಕಳ ಪಕ್ಷ ವಹಿಸಿದ ಎಲಿನಾರಳು ಗಂಡನ ಸೆರೆಯಲ್ಲಿ ಅನೇಕ ವರ್ಷಗಳನ್ನು ಕಳೆದಳು. ನಾಡುಗಳನ್ನು ಬೆಸೆದ ಮದುವೆಯೇ ಮನೆಯೊಳಗೆ ಕಲಹವನ್ನೂ ತಂದಿತು.

ದಕ್ಷಿಣ ಭಾರತದ ಸುಲ್ತಾನರ ಮನೆತನಗಳ ಕಥೆಯೂ ಇದಕ್ಕೆ ಹತ್ತಿರವಾಗಿದೆ. ಆದಿಲಶಾಹಿಯ ಸ್ಥಾಪಕನಾದ ಯೂಸುಫ್ ಆದಿಲ್ ಖಾನನು ಪರ್ಷಿಯಾದ ಕಡೆಯಿಂದ ಕಡಲು ದಾಟಿ ಬಂದವನು. ಬಹಮನಿ ಅರಸರ ಸೇವೆಯಲ್ಲಿ ಮೇಲೇರಿ, 1490ರಲ್ಲಿ ಬಿಜಾಪುರದಲ್ಲಿ ಸ್ವತಂತ್ರನಾದನು. ಅವನು ಮರಾಠ ಮನೆತನದ ಕನ್ಯೆಯನ್ನು ಮದುವೆಯಾದನು. ಅದೇ ವರ್ಷ ಸ್ವತಂತ್ರನಾದ ಅಹಮದ್‌ನಗರದ ಮಲಿಕ್ ಅಹಮದನ ತಂದೆಯಾದರೋ ಹುಟ್ಟಿನಿಂದ ಬ್ರಾಹ್ಮಣನಾಗಿದ್ದು ಅನಂತರ ಮುಸಲ್ಮಾನನಾದವನು. ಹೀಗೆ ಹೊರಗಿನಿಂದ ಬಂದವರೂ ಈ ಮಣ್ಣಿನವರೂ ಕೂಡಿ ಬೆಳೆಸಿದ ಮನೆತನಗಳಿವು. ಇವರ ಆಸ್ಥಾನಗಳಲ್ಲಿ ಪರ್ಷಿಯಾ ಮುಂತಾದ ನಾಡುಗಳಿಂದ ಬಂದ ಪರದೇಶಿ ಸರದಾರರು, ಇಲ್ಲಿಯೇ ಬೇರೂರಿದ ದಖನಿ ಸರದಾರರು, ಆಫ್ರಿಕದಿಂದ ಬಂದ ಹಬಶಿ ಸರದಾರರು ಎಂಬ ಬಣಗಳಿದ್ದವು. ಅರಸನು ಬಲಹೀನನಾದಾಗಲೆಲ್ಲ ಈ ಬಣಗಳ ಪೈಪೋಟಿ ಹೆಡೆಯೆತ್ತುತ್ತಿತ್ತು.

ಎರಡು ಮನೆತನಗಳ ನಡುವಣ ಹಗೆಗೆ ಒಂದು ಮದುವೆಯೇ ಕಾರಣವಾದುದು ವಿಚಿತ್ರ. 1524ರಲ್ಲಿ ಯೂಸುಫನ ಮಗಳಾದ ಮರಿಯಮಳನ್ನು ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಡಲಾಯಿತು. ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಡಬೇಕೆಂದು ಮಾತಾಗಿತ್ತು. ಮದುವೆ ನಡೆಯಿತು, ಕೋಟೆ ಮಾತ್ರ ಸಿಗಲಿಲ್ಲ. ಆ ಕೋಟೆಗಾಗಿ ಬೀಗರು ನಾಲ್ವತ್ತು ವರ್ಷಗಳ ಕಾಲ ಮತ್ತೆ ಮತ್ತೆ ಕತ್ತಿ ಹಿರಿದರು. ಕೊನೆಗೆ ಆ ಹಗೆಯನ್ನು ತಣಿಸಲು ಇನ್ನೊಂದು ಮದುವೆಯೇ ಬೇಕಾಯಿತು. ಆ ಮದುವೆಯ ವಧುವೇ ಚಾಂದಬೀಬಿ.

ಚಾಂದಬೀಬಿಯು ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು. ತಾಯಿ ಖುಂಜಾ ಹುಮಾಯೂನ್. ಹದಿನಾರನೆಯ ಶತಮಾನದ ನಡುಭಾಗದಲ್ಲಿ ಆಕೆ ಜನಿಸಿದಳು. ಆ ದಿನಗಳಲ್ಲಿ ವಿಜಯನಗರದ ರಾಮರಾಯನು ಸುಲ್ತಾನರ ಒಳಜಗಳಗಳಲ್ಲಿ ಕೈಹಾಕಿ ಅವರೆಲ್ಲರಿಗಿಂತ ಪ್ರಬಲನಾಗಿದ್ದನು. ಅವನನ್ನು ಎದುರಿಸಬೇಕಾದರೆ ತಾವು ಒಂದಾಗಬೇಕೆಂದು ಸುಲ್ತಾನರು ಮನಗಂಡರು. ಚಾಂದಬೀಬಿಯನ್ನು ಬಿಜಾಪುರದ ಅಲಿ ಆದಿಲ್ ಶಾಹನಿಗೆ ಕೊಟ್ಟರು. ಅಲಿಯ ತಂಗಿಯಾದ ಹದಿಯಾ ಸುಲ್ತಾನಳನ್ನು ಚಾಂದಬೀಬಿಯ ಸೋದರ ಮುರ್ತಜಾನಿಗೆ ತಂದುಕೊಂಡರು. ಚಾಂದಬೀಬಿಯ ಸೋದರಿಯೊಬ್ಬಳು ಗೋಲ್ಕೊಂಡದ ಸುಲ್ತಾನನ ಅರಮನೆಯನ್ನು ಸೇರಿದ್ದಳು. ಈ ಬಾರಿ ಸೊಲ್ಲಾಪುರದ ಕೋಟೆ ಚಾಂದಬೀಬಿಯ ಬಳುವಳಿಯಾಗಿ ಬಿಜಾಪುರಕ್ಕೆ ದೊರೆಯಿತು. ಹೀಗೆ ಬೆಸೆದ ಬಂಧುಗಳ ಸೈನ್ಯಗಳು 1565ರ ಜನವರಿಯಲ್ಲಿ ವಿಜಯನಗರದ ಸೈನ್ಯವನ್ನು ಸೋಲಿಸಿದವು. ರಾಮರಾಯನು ರಣರಂಗದಲ್ಲಿ ಮಡಿದನು. ಆ ಯುದ್ಧವನ್ನು ರಕ್ಕಸತಂಗಡಿಯ ಯುದ್ಧವೆಂದು ಇತಿಹಾಸವು ನೆನೆಯುತ್ತದೆ.

ಬಿಜಾಪುರಕ್ಕೆ ಬಂದ ಸೊಸೆ ಅಂತಃಪುರದ ಗೋಡೆಗಳ ನಡುವೆಯೇ ಉಳಿಯಲಿಲ್ಲ. ಆಕೆ ಅರಬ್ಬಿ, ಪಾರಸಿ, ತುರ್ಕಿ ಭಾಷೆಗಳೊಡನೆ ಜನರ ನುಡಿಗಳಾದ ಕನ್ನಡ ಮರಾಠಿಗಳನ್ನೂ ಬಲ್ಲವಳಾಗಿದ್ದಳೆಂದೂ, ವೀಣಾವಾದನ ಚಿತ್ರಕಲೆಗಳಲ್ಲಿ ಪರಿಶ್ರಮವಿದ್ದವಳೆಂದೂ ಪ್ರತೀತಿಯಿದೆ. ಕುದುರೆಯೇರಿ ಬೇಟೆಗೆ ಹೊರಟ ಆಕೆಯ ಚಿತ್ರಗಳನ್ನು ಮುಂದಿನ ಕಾಲದ ಕಲಾವಿದರು ಬರೆದಿದ್ದಾರೆ. 1579ರಲ್ಲಿ ಅಲಿ ಆದಿಲ್ ಶಾಹನು ಆಕೆಯ ಹೆಸರಿನಲ್ಲಿ ನಗರದಲ್ಲಿ ಒಂದು ದೊಡ್ಡ ಬಾವಿಯನ್ನು ಕಟ್ಟಿಸಿದನು. ಅದೇ ಚಾಂದ ಬಾವಡಿ.

ಮರುವರ್ಷವೇ ಆಕೆಯ ಬಾಳಿನಲ್ಲಿ ಕತ್ತಲೆ ಕವಿಯಿತು. 1580ರಲ್ಲಿ ಅಲಿ ಆದಿಲ್ ಶಾಹನು ಕೊಲೆಯಾದನು. ಅವನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗನಾದ ಇಬ್ರಾಹಿಮನನ್ನು ಪಟ್ಟಕ್ಕೆ ತಂದರು. ಆಗ ಆ ಬಾಲಕನ ವಯಸ್ಸು ಒಂಬತ್ತು. ಹೆತ್ತ ಮಗನಿಲ್ಲದ ಚಾಂದಬೀಬಿಯು ಅವನಿಗೆ ತಾಯಿಯ ಸ್ಥಾನದಲ್ಲಿ ನಿಂತು, ಅವನ ಶಿಕ್ಷಣದ ಹೊಣೆಯನ್ನೂ ಸಿಂಹಾಸನದ ರಕ್ಷಣೆಯ ಹೊಣೆಯನ್ನೂ ಹೊತ್ತಳು. ಆಡಳಿತವನ್ನು ವಹಿಸಿಕೊಂಡ ಕಾಮಿಲ್ ಖಾನನು ಅಧಿಕಾರದ ಮದದಿಂದ ಮೆರೆಯತೊಡಗಿದಾಗ, ಕಿಶ್ವರ್ ಖಾನನೆಂಬ ಸರದಾರನ ನೆರವಿನಿಂದ ಆಕೆ ಅವನನ್ನು ಕೆಳಗಿಳಿಸಿದಳು. ಆದರೆ ಕಿಶ್ವರ್ ಖಾನನೂ ಅದೇ ಹಾದಿಯನ್ನು ಹಿಡಿದನು. ತನಗೆ ಅಡ್ಡಬಂದ ರಾಣಿಯನ್ನೇ ಸಾತಾರದ ಕೋಟೆಯಲ್ಲಿ ಸೆರೆಯಿಟ್ಟನು. ಜನರೂ ಸರದಾರರೂ ಇದನ್ನು ಸಹಿಸಲಿಲ್ಲ. ಇಖ್ಲಾಸ್ ಖಾನನ ಮುಂದಾಳುತನದಲ್ಲಿ ಹಬಶಿ ಸರದಾರರು ಎದ್ದುನಿಂತಾಗ ಕಿಶ್ವರ್ ಖಾನನು ಓಡಿಹೋದನು. ಚಾಂದಬೀಬಿಯು ಗೌರವದೊಡನೆ ರಾಜಧಾನಿಗೆ ಮರಳಿದಳು.

ಅರಮನೆಯ ಈ ಒಡಕು ನೆರೆಯವರ ಆಸೆಯನ್ನು ಕೆರಳಿಸಿತು. ಅಹಮದ್‌ನಗರ ಗೋಲ್ಕೊಂಡಗಳ ಸೇನೆಗಳು ಬಂದು ಬಿಜಾಪುರವನ್ನು ಮುತ್ತಿದವು. ಅಹಮದ್‌ನಗರದ ಸಿಂಹಾಸನದ ಮೇಲಿದ್ದವನು ಮುರ್ತಜಾ, ಚಾಂದಬೀಬಿಯ ಒಡಹುಟ್ಟಿದವನು. ಒಮ್ಮೆ ಆಕೆಯನ್ನು ಉಡಿ ತುಂಬಿ ಕಳುಹಿಸಿದ ತವರೇ ಈಗ ಆಕೆಯ ಮನೆಯ ಬಾಗಿಲಿಗೆ ತೋಪುಗಳನ್ನು ತಂದು ನಿಲ್ಲಿಸಿತ್ತು. ಒಂದು ಕಡೆ ರಕ್ತಸಂಬಂಧ, ಇನ್ನೊಂದು ಕಡೆ ತನ್ನನ್ನು ನಂಬಿದ ಬಾಲಕ ಮತ್ತು ನಗರದ ಜನ. ತವರಿನ ಪಕ್ಷ ಹಿಡಿದು ತಾನು ಸುಖವಾಗಿರುವುದು ಆಕೆಗೆ ಕಷ್ಟವಾಗಿರಲಿಲ್ಲ. ಆದರೆ ಆಕೆ ಗಂಡನ ಮನೆಯನ್ನು ಕಾಯಲು ನಿಂತಳು. ಒಬ್ಬರನ್ನೊಬ್ಬರು ನಂಬದ ಸರದಾರರನ್ನು ಒಂದುಗೂಡಿಸಿದಳು. ಸುರಿವ ಮಳೆಯಲ್ಲಿ ಕೋಟೆಗೋಡೆಯ ಒಂದು ಭಾಗ ಕುಸಿದಾಗ ಅದನ್ನು ಬೇಗನೆ ಸರಿಪಡಿಸಲಾಯಿತು. ಅಬುಲ್ ಹಸನ್ ಎಂಬ ಚತುರನಿಗೆ ಆಡಳಿತ ವಹಿಸಿದ ಮೇಲೆ, ಮರಾಠ ರಾವುತರು ಹೊರಗಿನಿಂದ ಶತ್ರುಗಳ ಧಾನ್ಯ ಮೇವುಗಳ ದಾರಿಯನ್ನು ಕಡಿದರು. ಮುತ್ತಿದವರು ಬರಿಗೈಯಲ್ಲಿ ಹಿಂದಿರುಗಿದರು.

1584ರಲ್ಲಿ ಎರಡು ಮನೆಗಳ ನಡುವೆ ಮತ್ತೊಮ್ಮೆ ಮದುವೆಯ ಮಾತು ನಡೆಯಿತು. ಇಬ್ರಾಹಿಮನ ಸೋದರಿಯನ್ನು ಮುರ್ತಜಾನ ಮಗನಾದ ಮೀರಾನ್ ಹುಸೇನನಿಗೆ ಕೊಟ್ಟರು. ಆ ಎಳೆಯ ವಧುವಿನೊಡನೆ ಚಾಂದಬೀಬಿಯೂ ಅಹಮದ್‌ನಗರಕ್ಕೆ ಹೊರಟಳು. ಇಪ್ಪತ್ತು ವರ್ಷಗಳ ಹಿಂದೆ ತಾನು ಬಂದ ದಾರಿಯಲ್ಲಿಯೇ ಇನ್ನೊಬ್ಬ ಹುಡುಗಿಯನ್ನು ಆಕೆ ಕರೆದೊಯ್ದಳು.

ಆದರೆ ತವರಿನ ಸ್ಥಿತಿ ಹದಗೆಟ್ಟಿತು. 1588ರಲ್ಲಿ ಮೀರಾನ್ ಹುಸೇನನು ಹೆತ್ತ ತಂದೆಯನ್ನೇ ಕೊಂದು ಪಟ್ಟವೇರಿದನು. ಮರುವರ್ಷ ತಾನೂ ಕೊಲೆಯಾದನು. ಕೆಲವೇ ವರ್ಷಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಅರಸರು ಬಂದು ಹೋದರು. 1595ರಲ್ಲಿ ಇಬ್ರಾಹಿಂ ನಿಜಾಮ್ ಶಾಹನು ಬಿಜಾಪುರದ ಸೈನ್ಯದೊಡನೆ ಕಾದಾಡುತ್ತ ಮಡಿದಾಗ ಬಣಕ್ಕೊಬ್ಬರಂತೆ ಸಿಂಹಾಸನಕ್ಕೆ ಹಕ್ಕುದಾರರು ಹುಟ್ಟಿಕೊಂಡರು. ಮಡಿದ ಅರಸನ ಎಳೆಯ ಮಗ ಬಹಾದೂರನೇ ನಿಜವಾದ ವಾರಸುದಾರನೆಂದು ಚಾಂದಬೀಬಿಯು ಅವನ ಪಕ್ಷವನ್ನು ಹಿಡಿದಳು. ಅವನು ಆಕೆಯ ಸೋದರನ ಮೊಮ್ಮಗ. ಎದುರುಬಣದ ಮಿಯಾನ್ ಮಂಜು ಎಂಬ ಮಂತ್ರಿಯು ತನ್ನ ಕೈ ಮೇಲಾಗಲೆಂದು ದಿಲ್ಲಿಯ ಮೊಗಲರನ್ನು ನೆರವಿಗೆ ಕರೆದನು. ಮನೆಯ ಜಗಳಕ್ಕೆ ಊರ ಹೊರಗಿನವರನ್ನು ಕರೆದರೆ ಮನೆಯೇ ಉಳಿಯದೆಂಬುದು ಅವನಿಗೆ ತಿಳಿಯುವಷ್ಟರಲ್ಲಿ ಕಾಲ ಮಿಂಚಿತ್ತು. 1595ರ ಡಿಸೆಂಬರಿನಲ್ಲಿ ಅಕ್ಬರನ ಮಗನಾದ ಮುರಾದನು ಸೇನಾಪತಿ ಖಾನಖಾನಾನನೊಡನೆ ಬಂದು ಅಹಮದ್‌ನಗರದ ಕೋಟೆಯನ್ನು ಮುತ್ತಿದನು.

ಕೋಟೆಯ ರಕ್ಷಣೆ ಚಾಂದಬೀಬಿಯ ಪಾಲಿಗೆ ಬಂದಿತು. ಆಕೆ ಕೂಡಲೇ ಬಿಜಾಪುರಕ್ಕೂ ಗೋಲ್ಕೊಂಡಕ್ಕೂ ಹೇಳಿಕಳುಹಿಸಿದಳು. ತಾನು ಸಾಕಿ ಬೆಳೆಸಿದ ಇಬ್ರಾಹಿಂ ಆದಿಲ್ ಶಾಹನು ಆ ಮಾತನ್ನು ತೆಗೆದುಹಾಕಲಿಲ್ಲ. ಸುಹೇಲ್ ಖಾನನ ನಾಯಕತ್ವದಲ್ಲಿ ಸೈನ್ಯವನ್ನು ಕಳುಹಿಸಿದನು. ಅತ್ತ ಮೊಗಲರು ಕೋಟೆಗೋಡೆಯ ಕೆಳಗೆ ಸುರಂಗಗಳನ್ನು ತೋಡಿ ಮದ್ದು ತುಂಬಿದ್ದರು. ಸುಳಿವು ತಿಳಿದ ರಾಣಿಯು ಒಳಗಿನಿಂದ ಅಗೆಸಿ ಎರಡು ಸುರಂಗಗಳನ್ನು ನಿಷ್ಫಲಗೊಳಿಸಿದಳು. ಮೂರನೆಯದನ್ನು ಅಗೆಯುತ್ತಿರುವಾಗಲೇ ಶತ್ರುಗಳು ಬೆಂಕಿಯಿಟ್ಟರು. ಭಾರಿ ಸದ್ದಿನೊಡನೆ ಗೋಡೆ ಬಿರಿಯಿತು, ಅನೇಕರು ಮಡಿದರು, ಉಳಿದವರು ದಿಕ್ಕುಗೆಟ್ಟು ಓಡತೊಡಗಿದರು. ಆಗ ಚಾಂದಬೀಬಿಯು ಕವಚ ತೊಟ್ಟು, ಮುಖಕ್ಕೆ ತೆರೆ ಇಳಿಬಿಟ್ಟು, ಹಿರಿದ ಕತ್ತಿಯೊಡನೆ ಆ ಬಿರುಕಿನ ಎದುರಿಗೆ ಬಂದು ನಿಂತಳು. ಓಡುತ್ತಿದ್ದವರು ನಾಚಿ ಹಿಂದಿರುಗಿದರು. ಸಂಜೆಯವರೆಗೆ ಶತ್ರುಗಳು ಮತ್ತೆ ಮತ್ತೆ ಏರಿ ಬಂದರೂ ಒಳನುಗ್ಗಲಾರದೆ ಹೋದರು. ಗುಂಡು ತೀರಿದಾಗ ಆಕೆ ತಾಮ್ರ, ಬೆಳ್ಳಿ, ಬಂಗಾರದ ನಾಣ್ಯಗಳನ್ನೇ ತೋಪಿನಲ್ಲಿ ತುಂಬಿ ಹಾರಿಸಿದಳೆಂದು ಜನರು ಕಥೆ ಕಟ್ಟಿ ಹೇಳುತ್ತಾರೆ. ರಾತ್ರಿಯೆಲ್ಲ ಆಕೆ ಅಲ್ಲಿಂದ ಕದಲಲಿಲ್ಲ. ಬೆಳಗಾಗುವಷ್ಟರಲ್ಲಿ ಕಲ್ಲು ಮಣ್ಣುಗಳ ಗೋಡೆ ಮತ್ತೆ ಎದ್ದು ನಿಂತಿತ್ತು.

ಬಿಜಾಪುರದ ಸೈನ್ಯ ಬರುತ್ತಿರುವ ಸುದ್ದಿಯಿಂದಲೂ ಆಹಾರದ ಕೊರತೆಯಿಂದಲೂ ಮೊಗಲರು ಸಂಧಿಗೆ ಒಪ್ಪಿದರು. 1596ರಲ್ಲಿ ಸಂಧಿಯಾಯಿತು. ಬೇರಾರ ಪ್ರಾಂತವನ್ನು ಬಿಟ್ಟುಕೊಡಬೇಕಾಯಿತು. ಆದರೆ ಅಹಮದ್‌ನಗರ ಉಳಿಯಿತು; ಬಾಲಕ ಬಹಾದೂರನಿಗೆ ಪಟ್ಟವಾಯಿತು. ಒಂದು ಕಾಲದಲ್ಲಿ ತವರಿನ ಸೈನ್ಯದಿಂದ ಗಂಡನ ಮನೆಯನ್ನು ಉಳಿಸಿದ್ದ ಹೆಣ್ಣು, ಈಗ ಗಂಡನ ಮನೆಯ ನೆರವಿನಿಂದ ತವರನ್ನು ಉಳಿಸಿದ್ದಳು.

ಹೊರಗಿನ ಶತ್ರುವನ್ನು ತಡೆದ ರಾಣಿಗೆ ಒಳಗಿನ ಕಲಹವನ್ನು ತಡೆಯಲು ಸಾಧ್ಯವಾಗಲಿಲ್ಲ. ಆಕೆ ನಂಬಿ ಅಧಿಕಾರ ಕೊಟ್ಟವರೇ ಆಕೆಗೆ ಎದುರಾದರು. 1600ರಲ್ಲಿ ಅಕ್ಬರನ ಇನ್ನೊಬ್ಬ ಮಗ ದಾನಿಯಾಲನು ದೊಡ್ಡ ಸೈನ್ಯದೊಡನೆ ಬಂದನು. ಈ ಸಲ ನೆರವಿಗೆ ಯಾರೂ ಇರಲಿಲ್ಲ. ಕೋಟೆಯೊಳಗಿನ ಜನರ ಪ್ರಾಣವನ್ನೂ ಬಾಲಕನನ್ನೂ ಉಳಿಸಿಕೊಳ್ಳಲು ಸಂಧಿಯೊಂದೇ ದಾರಿಯೆಂದು ಚಾಂದಬೀಬಿ ತಿಳಿದಳು. ಕತ್ತಿ ಹಿರಿಯಲು ಬೇಕಾದ ಧೈರ್ಯಕ್ಕಿಂತ ಕತ್ತಿಯನ್ನು ಒರೆಗೆ ಸೇರಿಸಲು ಬೇಕಾದ ಧೈರ್ಯ ಕೆಲವೊಮ್ಮೆ ದೊಡ್ಡದು. ಆದರೆ ಹಮೀದ್ ಖಾನನೆಂಬವನು ರಾಣಿಯು ಶತ್ರುಗಳಿಗೆ ಕೋಟೆಯನ್ನು ಮಾರುತ್ತಿದ್ದಾಳೆಂದು ಬೀದಿಯಲ್ಲಿ ಕೂಗಿದನು. ರೊಚ್ಚಿಗೆದ್ದ ಗುಂಪು ಅಂತಃಪುರಕ್ಕೆ ನುಗ್ಗಿ ಆಕೆಯನ್ನು ಕೊಂದಿತು. ಯಾವ ಗೋಡೆಯನ್ನು ಆಕೆ ಒಂದು ರಾತ್ರಿಯಲ್ಲಿ ಕಟ್ಟಿಸಿದ್ದಳೋ ಆ ಗೋಡೆಯ ಒಳಗಿನವರೇ ಆಕೆಯ ಪ್ರಾಣ ತೆಗೆದರು. ಕೆಲವೇ ದಿನಗಳಲ್ಲಿ ಕೋಟೆ ಮೊಗಲರ ವಶವಾಯಿತು. ಬಹಾದೂರನು ಗ್ವಾಲಿಯರಿನ ಕೋಟೆಯಲ್ಲಿ ಸೆರೆಯಾದನು.

ಚಾಂದಬೀಬಿಯು ತಾಯಿಯಂತೆ ಸಾಕಿದ ಇಬ್ರಾಹಿಂ ಆದಿಲ್ ಶಾಹನು 1627ರವರೆಗೆ ಬಾಳಿದನು. ಸಂಗೀತ ಸಾಹಿತ್ಯಗಳ ಪೋಷಕನೆಂದೂ ಜಗದ್ಗುರುವೆಂದೂ ಹೆಸರಾದನು. ಇಂದಿನ ಅಹಿಲ್ಯಾನಗರವಾದ ಹಿಂದಿನ ಅಹಮದ್‌ನಗರದ ಬಳಿ ಬೆಟ್ಟದ ಮೇಲೊಂದು ಎತ್ತರದ ಕಟ್ಟಡವಿದೆ. ಅದು ಸಲಾಬತ್ ಖಾನನೆಂಬ ಮಂತ್ರಿಯ ಗೋರಿ. ಆದರೆ ಜನರು ಅದನ್ನು ಚಾಂದಬೀಬಿಯ ಮಹಲೆಂದೇ ಕರೆಯುತ್ತಾರೆ. ಇಂದು ವಿಜಯಪುರವೆಂಬ ಹೆಸರಿರುವ ಬಿಜಾಪುರದಲ್ಲಿ ಚಾಂದ ಬಾವಡಿ ಆಕೆಯ ಹೆಸರನ್ನು ಹೊತ್ತು ನಿಂತಿದೆ. ತವರಿನಲ್ಲಿ ಒಂದು ಮಹಲು, ಗಂಡನ ಮನೆಯಲ್ಲಿ ಒಂದು ಬಾವಿ.

ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯುಂಟು. ಚಾಂದಬೀಬಿಯ ಬಾಳು ಆ ಗಾದೆಯನ್ನು ಒಪ್ಪುವುದಿಲ್ಲ. ಆಕೆಯನ್ನು ಒಂದು ಕೋಟೆಯೊಡನೆ ಒಪ್ಪಂದದ ಕುರುಹಾಗಿ ಕಳುಹಿಸಿದವರು ಅರಸರು. ಆ ಒಪ್ಪಂದವನ್ನು ಅವರೇ ಮರೆತರು. ಮರೆಯದೆ ಉಳಿದವಳು ಆಕೆಯೊಬ್ಬಳೇ.